ಸಹಿ ಹಾಕುವ ಮೊದಲು, ಮಗಳೇ

ಪ್ರೀತಿಯ ಮಗಳೇ,

ಮೊದಲು ಅವಸರದ ವಿಷಯ. ನಿನ್ನ ಕಾದಂಬರಿ ಅಚ್ಚು ಹಾಕಲು ನಿನ್ನ ಹತ್ತಿರವೇ ದುಡ್ಡು ಕೇಳಿದ್ದಾರಲ್ಲ, ಆ ಪ್ರಕಾಶಕರಿಗೆ ಹಣ ಕಳಿಸಬೇಡ. "ನಿಮ್ಮ ಕಾದಂಬರಿ ನಮ್ಮ ಸಂಪಾದಕರಿಗೆ ತುಂಬಾ ಹಿಡಿಸಿದೆ" ಅಂತ ಅವರು ಎಷ್ಟೇ ನಯವಾಗಿ ಬರೆದಿರಲಿ, ಕಳಿಸಬೇಡ. ನೀನು ಅವರಿಗೆ ಕೊಟ್ಟಿದ್ದು ಮೂರು ಅಧ್ಯಾಯ. ಉಳಿದದ್ದು ಇನ್ನೂ ನಿನ್ನ ತಲೆಯಲ್ಲಿದೆ. ಬರೆಯದೇ ಇರುವ ಕಾದಂಬರಿ ಅವರಿಗೆ ಹೇಗೆ ಹಿಡಿಸಿತು ಅಂತ ಒಂದು ಸಲ ಯೋಚನೆ ಮಾಡು.

ಈ ವ್ಯವಹಾರದಲ್ಲಿ ದುಡ್ಡು ಬರುವ ದಾರಿ ಒಂದೇ. ಓದುಗರಿಂದ ಅಂಗಡಿಗೆ, ಅಂಗಡಿಯಿಂದ ಪ್ರಕಾಶಕರಿಗೆ, ಪ್ರಕಾಶಕರಿಂದ ಲೇಖಕಿಗೆ. ಪ್ರಕಾಶಕರೇ ಲೇಖಕಿಯ ಹತ್ತಿರ ದುಡ್ಡು ಕೇಳಿದರೆ ಅಲ್ಲಿ ಗಿರಾಕಿ ಓದುಗರಲ್ಲ, ನೀನೇ. ಅವರ ಲಾಭ ನಿನ್ನ ಕೈಯಿಂದಲೇ ಬಂದುಬಿಟ್ಟ ಮೇಲೆ ಪುಸ್ತಕ ಮಾರಬೇಕು ಅನ್ನುವ ದರ್ದು ಅವರಿಗೆ ಯಾಕಿರುತ್ತೆ? ಲೇಖಕರ ಪರವಾಗಿ ಪ್ರಕಾಶಕರನ್ನು ಹುಡುಕಿಕೊಡುವ ಏಜೆಂಟರ ವಿಷಯದಲ್ಲೂ ಇದೇ ಲೆಕ್ಕ. ಇಂಗ್ಲಿಷ್ ಪ್ರಕಾಶನದಲ್ಲಿ ಒಳ್ಳೆಯ ಏಜೆಂಟರು ಲೇಖಕರಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ. 15 ತೆಗೆದುಕೊಳ್ಳುತ್ತಾರೆ, ಹೊರದೇಶದ ಹಕ್ಕು ಮಾರಿಕೊಟ್ಟರೆ ಶೇ. 20. ಹಸ್ತಪ್ರತಿ ಓದುವುದಕ್ಕೇ ಶುಲ್ಕ ಕೇಳುವವರ ದುಡಿಮೆ ಆ ಶುಲ್ಕವೇ, ಪುಸ್ತಕ ಮಾರಿಕೊಡುವುದಲ್ಲ.

ಹಾಗಂತ ನೀನೇ ಖರ್ಚು ಹಾಕಿ ಪುಸ್ತಕ ತರುವುದು ಕೀಳು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಸಂಪಾದಕರನ್ನು, ಮುಖಪುಟ ಮಾಡುವವರನ್ನು, ಮುದ್ರಕರನ್ನು ನೀನೇ ಗೊತ್ತು ಮಾಡುತ್ತೀಯ. ಹಕ್ಕು ಪೂರ್ತಿ ನಿನ್ನದೇ, ಬಂದ ಹಣವೂ ನಿನ್ನದೇ. ಬೇಡಿಕೆ ಬಂದಷ್ಟೇ ಪ್ರತಿ ಮುದ್ರಿಸುವ ತಂತ್ರ ಬಂದ ಮೇಲೆ ಸಾವಿರ ಪ್ರತಿ ಮನೆಯಲ್ಲಿ ಪೇರಿಸಿಕೊಂಡು ಕೂರಬೇಕಾಗಿಯೂ ಇಲ್ಲ. ಮಾರುವ ತಲೆನೋವು ಮಾತ್ರ ಪೂರಾ ನಿನ್ನದು. ನಿನಗೆ ಪತ್ರ ಬರೆದಿರುವವರು ಖರ್ಚನ್ನು ನಿನ್ನ ಮೇಲೆ ಹಾಕಿ ಹಕ್ಕನ್ನು ತಾವು ಇಟ್ಟುಕೊಳ್ಳುತ್ತಿದ್ದಾರೆ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಇನ್ನು ಕಥೆ ಬರೆಯುವುದನ್ನು ಕಲಿಸುವ ತರಗತಿಯ ಪ್ರಶ್ನೆ. ಸೇರಬೇಕಾ ಬೇಡವಾ ಅಂತ ಕೇಳಿದ್ದೀಯ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಿಂದ ಬರಹಗಾರರ ಕಾರ್ಯಾಗಾರ ನಡೆಯುತ್ತಿದೆ. ಆಮೇಲೆ ಬಂದ ಎಷ್ಟೋ ತರಗತಿಗಳಿಗೆ ಅದೇ ಮಾದರಿ. ಪದ್ಧತಿ ಸರಳ. ಒಬ್ಬರ ಬರಹವನ್ನು ಉಳಿದವರು ಮೊದಲೇ ಓದಿಕೊಂಡು ಬಂದು ಚರ್ಚೆ ಮಾಡುತ್ತಾರೆ, ಬರೆದವರು ಅಷ್ಟೂ ಹೊತ್ತು ಬಾಯಿ ಮುಚ್ಚಿ ಕೇಳುತ್ತಾರೆ. ಆ ಬಾಯಿ ಮುಚ್ಚಿ ಕೇಳುವುದೇ ಅರ್ಧ ಪಾಠ ಅಂತ ನನ್ನ ಅನಿಸಿಕೆ. ಯಾಕೆಂದರೆ ಪುಸ್ತಕ ಓದುವವರ ಪಕ್ಕದಲ್ಲಿ ಕೂತು "ಅಲ್ಲಿ ನಾನು ಹೇಳಬೇಕು ಅಂದುಕೊಂಡಿದ್ದು ಹೀಗೆ" ಅಂತ ವಿವರಿಸಲು ಆಗುವುದಿಲ್ಲ ಅಲ್ವಾ? ದುಡ್ಡು, ಬಿಡುವು ಇದ್ದರೆ ಸೇರು. ಇಲ್ಲದಿದ್ದರೆ ಮುಲಾಜಿಲ್ಲದೆ ಮಾತಾಡುವ ನಾಲ್ಕು ಜನ ಓದುಗರನ್ನು ಹುಡುಕಿಕೋ. ಅದಕ್ಕಾಗಿ ಕೆಲಸ ಮಾತ್ರ ಬಿಡಬೇಡ.

ಕೆಲಸ ಬಿಟ್ಟರೆ ಬರೆಯಲು ಸಮಯ ಸಿಗುತ್ತದೆ ಅನ್ನುವುದು ನಿನ್ನ ವಾದ. ಸಿಗುತ್ತದೆ. ಜೊತೆಗೆ ಪ್ರತಿ ಪುಟದಿಂದಲೂ ದುಡ್ಡು ಬರಲಿ ಅನ್ನುವ ಒತ್ತಡವೂ ಬರುತ್ತದೆ. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲೋಪ್ ಅಂಚೆ ಇಲಾಖೆಯಲ್ಲಿ 30 ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವನು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆಯುತ್ತಿದ್ದ. ಹಾಗೆ ಬರೆದದ್ದು 47 ಕಾದಂಬರಿ. ಇದನ್ನೆಲ್ಲ, ಯಾವ ಪುಸ್ತಕದಿಂದ ಎಷ್ಟು ಹಣ ಬಂತು ಅನ್ನುವುದನ್ನೂ ಸೇರಿಸಿ, ಆತ್ಮಕಥೆಯಲ್ಲಿ ಬರೆದಿಟ್ಟ. ಅವನು ಸತ್ತ ಮೇಲೆ 1883ರಲ್ಲಿ ಅದು ಹೊರಬಂದಾಗ ಹಲವರು ಮೂಗು ಮುರಿದರು. ಕಲೆಗೂ ಗಡಿಯಾರಕ್ಕೂ ಏನು ಸಂಬಂಧ ಅಂತ. ನನಗಂತೂ ಆ ಲೆಕ್ಕದ ಪುಸ್ತಕದ ಮನುಷ್ಯನೇ ಇಷ್ಟ. ಸ್ಫೂರ್ತಿ ಬರಲಿ ಅಂತ ಕಾದವರ ಹಸ್ತಪ್ರತಿ ನನ್ನ ಮೇಜಿಗೆ ಬಂದಿದ್ದು ಕಡಿಮೆ.

ನಿನಗೆ ಅಷ್ಟು ವೇಗ ಬೇಕಾಗಿಲ್ಲ. ದಿನಕ್ಕೆ 300 ಪದ ಬರೆದರೂ ವರ್ಷಕ್ಕೆ ಲಕ್ಷ ದಾಟುತ್ತದೆ. ಇಂಗ್ಲಿಷಿನಲ್ಲಿ ಹೊಸಬರ ಕಾದಂಬರಿ ಹೆಚ್ಚಾಗಿ 80 ಸಾವಿರದಿಂದ ಒಂದು ಲಕ್ಷ ಪದದೊಳಗೆ ಇರುತ್ತದೆ. ಕನ್ನಡಕ್ಕೆ ಅಷ್ಟು ಬೇಡ. ಅವರು ನಾಲ್ಕು ಪದದಲ್ಲಿ ಹೇಳುವುದನ್ನು ನಾವು ಪ್ರತ್ಯಯ ಅಂಟಿಸಿ ಎರಡರಲ್ಲಿ ಮುಗಿಸುತ್ತೇವೆ. ಹಾಗಾಗಿ ಅಲ್ಲಿಯವರ ಪದಸಂಖ್ಯೆ ನೋಡಿ ಹೆದರಬೇಡ.

ಈಗ ನಿನ್ನ ಮೂರು ಅಧ್ಯಾಯಕ್ಕೆ ಬರುತ್ತೇನೆ. ಬೇರೆಯವರ ಹಸ್ತಪ್ರತಿ ಓದಿ, ಕರಡು ತಿದ್ದಿ ಸಂಬಳ ತಿಂದವಳು ನಾನು. ಹಾಗೇ ಓದಿದ್ದೇನೆ, ಅಮ್ಮ ಅಂತ ಓದಿಲ್ಲ. ಬೇಜಾರಾಗಬೇಡ.

ಮೊದಲ ಅಧ್ಯಾಯವನ್ನು ಎತ್ತಿ ಪಕ್ಕಕ್ಕಿಡು. ಆ ಮನೆತನದ ಮೂರು ತಲೆಮಾರಿನ ಕಥೆ 11 ಪುಟ ಇದೆ. ಅದು ನಿನಗೆ ಗೊತ್ತಿರಬೇಕಾದ ಕಥೆ. ಓದುಗರಿಗೆ ಇನ್ನೂ ಆ ಮನೆಯ ಯಾರ ಮೇಲೂ ಅಕ್ಕರೆ ಹುಟ್ಟಿಲ್ಲ, ಅವರ ಮುತ್ತಜ್ಜ ಯಾರಾದರೆ ಏನು? ನಿನ್ನ ಕಾದಂಬರಿ ಶುರುವಾಗುವುದು ಎರಡನೇ ಅಧ್ಯಾಯದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಕ್ಕ ಮನೆಗೆ ಬರುತ್ತಾಳೆ, ಬೀರುವಿನ ಬೀಗದ ಕೈ ತಮ್ಮನ ಜೇಬಿನಲ್ಲಿದೆ. ಅಲ್ಲಿಂದ ನಾನು ಎದ್ದಿಲ್ಲ. ಬರೆಯುವವರಿಗೆ ಕಥೆಯೊಳಗೆ ಇಳಿಯಲು ಒಂದಷ್ಟು ಪುಟ ಬೇಕಾಗುತ್ತದೆ, ಅದು ಸಹಜ. ಅಚ್ಚಿಗೆ ಕೊಡುವಾಗ ಆ ಪುಟಗಳು ಇರಬೇಕು ಅಂತೇನೂ ಇಲ್ಲ. ಮುತ್ತಜ್ಜ ಬೇಕೇಬೇಕು ಅನ್ನಿಸಿದರೆ, ಜಗಳದ ನಡುವೆ ಯಾರದೋ ಬಾಯಲ್ಲಿ ಎರಡು ಸಾಲು ಬರಲಿ.

ಆ ಜಗಳದ ದೃಶ್ಯದಲ್ಲಿ ಒಂದು ಕಡೆ ಎಡವಿದ್ದೀಯ. ಇಡೀ ದೃಶ್ಯ ನಾವು ಅಕ್ಕನ ಕಣ್ಣಿನಿಂದ ನೋಡುತ್ತಿದ್ದೇವೆ. ನಡುವೆ ಇದ್ದಕ್ಕಿದ್ದಂತೆ "ತಮ್ಮನಿಗೆ ಒಳಗೊಳಗೇ ನಾಚಿಕೆಯಾಯಿತು" ಅಂತ ಬರೆದಿದ್ದೀಯ. ಅವನ ಒಳಗು ಅವಳಿಗೆ ಹೇಗೆ ಗೊತ್ತಾಯಿತು? ಎಲ್ಲರ ಮನಸ್ಸಿನೊಳಗೂ ಹೋಗಿಬರುವ ನಿರೂಪಣೆ ಇದೆ, ಆದರೆ ಅದನ್ನು ಮೊದಲ ಪುಟದಿಂದಲೇ ಒಪ್ಪಿಸಬೇಕು. ಎಪ್ಪತ್ತನೇ ಪುಟದಲ್ಲಿ ಬೇಕಾಯಿತು ಅಂತ ಒಂದೇ ಸಾಲಿಗೆ ಹೊಕ್ಕು ಬಂದರೆ ಓದುಗರ ಕಾಲು ಜಾರುತ್ತದೆ. ಅವನು ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಮತ್ತೆ ಜೇಬಿಗೆ ಹಾಕಿಕೊಳ್ಳಲಿ. ಅಕ್ಕ ಅದನ್ನು ನೋಡಲಿ. ನಾಚಿಕೆಯೋ ಅಲ್ಲವೋ, ಓದುಗರೇ ತೀರ್ಮಾನ ಮಾಡುತ್ತಾರೆ. ಅಕ್ಕ ತಪ್ಪಾಗಿ ತಿಳಿದುಕೊಂಡರೆ ಇನ್ನೂ ಒಳ್ಳೆಯದು, ಮುಂದಿನ ಅಧ್ಯಾಯಕ್ಕೆ ನಿನಗೊಂದು ಎಳೆ ಸಿಕ್ಕಿತು.

ಮಾತುಗಳು ಚೆನ್ನಾಗಿವೆ. ಆದರೆ ಯಾಕೆ ಎಲ್ಲರೂ "ಉಸುರಿದಳು", "ನುಡಿದನು", "ಗುಡುಗಿದನು"? "ಅಂದ", "ಅಂದಳು" ಸಾಕು, ಅವು ಕಣ್ಣಿಗೆ ಬೀಳುವುದೇ ಇಲ್ಲ. ಸಿಟ್ಟು ಮಾತಿನೊಳಗೇ ಇರಬೇಕು. ಅದಕ್ಕೆ ನಮ್ಮ ಭಾಷೆಯಲ್ಲೇ ದಾರಿ ಇದೆ. ಚಿಕ್ಕಂದಿನಿಂದ ಅಕ್ಕನಿಗೆ "ನೀನು" ಅನ್ನುತ್ತಿದ್ದ ತಮ್ಮ ಒಂದು ಕ್ಷಣದಲ್ಲಿ "ನೀವು ಯಾವಾಗ ಹೊರಡುತ್ತೀರಿ?" ಅಂದರೆ ಅಲ್ಲಿಗೆ ಸಂಬಂಧ ಮುರಿಯಿತು. ಬೇರೆ ವಿವರಣೆ ಬೇಡ.

ಇನ್ನೊಂದು. ಎಲ್ಲವನ್ನೂ ದೃಶ್ಯವಾಗಿ ತೋರಿಸಲೇಬೇಕು ಅಂತ ಎಲ್ಲೋ ಓದಿದ್ದೀಯ ಅನ್ನಿಸುತ್ತದೆ. ಮೂರನೇ ಅಧ್ಯಾಯದಲ್ಲಿ ಅಕ್ಕ ಎದ್ದು, ಹಲ್ಲುಜ್ಜಿ, ಬಸ್ಸು ಹಿಡಿದು, ಟಿಕೆಟ್ ತೆಗೆದುಕೊಂಡು ವಕೀಲರ ಕಚೇರಿ ತಲುಪುವ ಹೊತ್ತಿಗೆ ನಾನು ಎರಡು ಸಲ ಆಕಳಿಸಿದೆ. "ಮರುದಿನ ವಕೀಲರ ಮುಂದೆ ಕೂತಿದ್ದಳು" ಅಂದರೆ ಮುಗಿಯಿತು. ಹತ್ತು ವರ್ಷವನ್ನು ಒಂದು ಸಾಲಿನಲ್ಲಿ ದಾಟುವುದು, ಐದು ನಿಮಿಷದ ಜಗಳಕ್ಕೆ ಹತ್ತು ಪುಟ ಕೊಡುವುದು, ಕಾದಂಬರಿಕಾರರ ಕೈಯಲ್ಲಿರುವ ದೊಡ್ಡ ಅಧಿಕಾರವೇ ಅದು. ದೃಶ್ಯ ಶುರುವಾಗುವಾಗ ಇದ್ದ ಪರಿಸ್ಥಿತಿ ಮುಗಿಯುವಾಗಲೂ ಹಾಗೇ ಇದೆಯಾ ಅಂತ ಕೇಳಿಕೋ. ಹಾಗೇ ಇದ್ದರೆ ಅದನ್ನು ಒಂದು ಸಾಲಿಗೆ ಇಳಿಸು.

ಇದನ್ನೆಲ್ಲ ಎಲ್ಲಿ ಕಲಿಯಲಿ ಅನ್ನುತ್ತೀಯ. ನಿನಗೆ ತುಂಬಾ ಇಷ್ಟವಾದ ಕಾದಂಬರಿಯೊಂದನ್ನು ತೆಗೆದುಕೊಂಡು, ಕಥೆಗಾಗಿ ಅಲ್ಲದೆ ಕೆಲಸಗಾರಿಕೆ ನೋಡಲು ಓದು. ಪ್ರತಿ ಅಧ್ಯಾಯಕ್ಕೂ ನೋಟ್‌ಬುಕ್‌ನಲ್ಲಿ ನಾಲ್ಕು ವಿಷಯ ಬರೆದುಕೋ: ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ಯಾರಿಗೆ ಏನು ಬೇಕಾಗಿದೆ, ಏನು ಬದಲಾಯಿತು, ಎಷ್ಟು ಕಾಲ ಕಳೆಯಿತು. ಪುಸ್ತಕ ಮುಗಿಯುವಾಗ ಅದರ ಎಲುಬುಗೂಡು ನಿನ್ನ ಮುಂದಿರುತ್ತದೆ. ನಿನ್ನನ್ನು ಅಳಿಸಿದ ದೃಶ್ಯ ಇದ್ದರೆ ಅದನ್ನು ಕೈಯಲ್ಲೇ ನಕಲು ಮಾಡು. ಕಣ್ಣು ಹಾರಿಸಿಬಿಡುವುದನ್ನು ಕೈ ಹಾರಿಸುವುದಿಲ್ಲ. ಬರೆಯುವ ಕಸುಬಿನಲ್ಲಿ ಬಹುಪಾಲು ಇರುವುದು ಓದುವುದೇ ಅಂತ ನನಗೆ ಅನ್ನಿಸಿದೆ. ಬೇರೆಯವರದನ್ನು ಓದುವುದು, ನಿನ್ನದನ್ನೇ ಪರಕೀಯಳಂತೆ ಓದುವುದು, ಕೊನೆಗೆ ಒಪ್ಪಂದದ ಸಣ್ಣ ಅಕ್ಷರ ಓದುವುದು.

ನಿನ್ನದನ್ನು ಓದುವುದೇ ಕಷ್ಟ. ಅದಕ್ಕೇ ಮೊದಲ ಕರಡು ಮುಗಿಯುವ ತನಕ ಹಿಂದಕ್ಕೆ ಹೋಗಿ ತಿದ್ದಬೇಡ. ಮೊದಲ ಅಧ್ಯಾಯ ಹತ್ತು ಸಲ ತಿದ್ದಿ ಹೊಳಪು ಕೊಟ್ಟವರು, ಮುಗಿಸಿದ ಮೇಲೆ ಆ ಅಧ್ಯಾಯ ಬೇಡ ಅಂತ ಗೊತ್ತಾದರೂ ಕಿತ್ತು ಹಾಕಲಾರರು. ಮುಗಿದ ಮೇಲೆ ಕೆಲವು ವಾರ ಕಣ್ಣಿಗೆ ಬೀಳದ ಕಡೆ ಇಡು. ಆಮೇಲೆ ಪೆನ್ನು ಹಿಡಿಯದೆ ಒಂದೇ ಸಮನೆ ಓದು. ಮೊದಲು ದೊಡ್ಡ ದೋಷ ನೋಡು: ಯಾವ ಪಾತ್ರ ಸುಮ್ನೆ ಬಂದು ಹೋಗುತ್ತಿದೆ, ಎಲ್ಲಿ ಕಥೆ ನಿಂತುಬಿಟ್ಟಿದೆ. ವಾಕ್ಯ ತಿದ್ದುವುದು ಕೊನೆಗೆ, ಗಟ್ಟಿಯಾಗಿ ಓದಿಕೊಂಡು. ಬೀಳಿಸಬೇಕಾದ ಗೋಡೆಗೆ ಯಾರಾದರೂ ಬಣ್ಣ ಹೊಡೆಯುತ್ತಾರಾ? ಗೆಳತಿಯರಿಗೆ ಓದಲು ಕೊಟ್ಟಾಗ "ಹೇಗಿದೆ?" ಅಂತ ಕೇಳಬೇಡ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಎಲ್ಲಿ ಪುಸ್ತಕ ಕೆಳಗಿಟ್ಟೆ, ಎಲ್ಲಿ ಹಿಂದಿನ ಪುಟಕ್ಕೆ ಹೋಗಬೇಕಾಯಿತು ಅಂತ ಕೇಳು. ಅವರು ತೋರಿಸಿದ ಜಾಗ ಹೆಚ್ಚಾಗಿ ಸರಿ ಇರುತ್ತದೆ. ಅವರು ಹೇಳುವ ಔಷಧಿ ಮಾತ್ರ ಸರಿ ಇರಲೇಬೇಕು ಅಂತಿಲ್ಲ.

ಕಥೆಯನ್ನು ಯಾರಾದರೂ ಕದ್ದರೆ ಅನ್ನುವ ಭಯ ಬಿಡು. ಕೃತಿಸ್ವಾಮ್ಯ ಕಾಯಲು ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ಕಡೆಗಳಲ್ಲಿ ನೋಂದಣಿ ಮಾಡಿಸದಿದ್ದರೂ ಬರೆದದ್ದರ ಹಕ್ಕು ಬರೆದವರದ್ದೇ. ಲೇಖಕರು ತೀರಿಕೊಂಡ ಮೇಲೂ ಕಡೇಪಕ್ಷ 50 ವರ್ಷ ಇರುತ್ತದೆ. ಭಾರತದಲ್ಲಿ 60, ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 70. ಕಾನೂನು ಕಾಯುವುದು ನೀನು ಬರೆದ ರೂಪವನ್ನು, ಬರೀ ಕಲ್ಪನೆಯನ್ನಲ್ಲ. ಆಸ್ತಿಗೆ ಜಗಳವಾಡುವ ಅಕ್ಕತಮ್ಮಂದಿರ ಕಥೆ ಯಾರು ಬೇಕಾದರೂ ಬರೆಯಬಹುದು. ಹಕ್ಕು ಕಳ್ಳತನದಿಂದ ಹೋಗುವುದಕ್ಕಿಂತ ನಾವೇ ಸಹಿ ಹಾಕಿ ಕೊಟ್ಟು ಹೋಗುವುದು ಜಾಸ್ತಿ.

ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ವಿಷಯ ಹೇಳುತ್ತೇನೆ ಕೇಳು. 1803ರಲ್ಲಿ ಆಕೆ ಒಂದು ಕಾದಂಬರಿಯ ಹಕ್ಕನ್ನು 10 ಪೌಂಡಿಗೆ ಪ್ರಕಾಶಕನೊಬ್ಬನಿಗೆ ಮಾರಿದಳು. ಅವನು ಜಾಹೀರಾತು ಕೊಟ್ಟ, ಪುಸ್ತಕ ಅಚ್ಚು ಹಾಕಲೇ ಇಲ್ಲ. ಆರು ವರ್ಷ ಕಾದು ಕೇಳಿದ್ದಕ್ಕೆ, ಬೇರೆ ಕಡೆ ಪ್ರಕಟಿಸಿದರೆ ಕಾನೂನು ಕ್ರಮ, ಬೇಕಿದ್ದರೆ ಅದೇ 10 ಪೌಂಡ್ ಕೊಟ್ಟು ವಾಪಸ್ ತೆಗೆದುಕೊಳ್ಳಿ ಅಂದ. ವಾಪಸ್ ಸಿಕ್ಕಿದ್ದು 1816ರಲ್ಲಿ. ಅಚ್ಚಾಗಿ ಬಂದಿದ್ದು 1817ರ ಕೊನೆಗೆ, ಆಕೆ ತೀರಿಕೊಂಡು ಕೆಲವು ತಿಂಗಳಾದ ಮೇಲೆ. ಆಕೆಯ ಅತಿ ಹೆಸರಾದ ಕಾದಂಬರಿಯದ್ದು ಇನ್ನೊಂದು ಕಥೆ. ಅದರ ಹಕ್ಕನ್ನು 110 ಪೌಂಡಿಗೆ ಪೂರ್ತಿ ಮಾರಿದ್ದಳು. 1813ರಲ್ಲಿ ಹೊರಬಂದು ಅದೇ ವರ್ಷ ಎರಡನೇ ಮುದ್ರಣ ಕಂಡಿತು. ಪುಸ್ತಕ ಎಷ್ಟು ಮಾರಾಟವಾದರೂ ಆ 110 ಪೌಂಡಿನ ಮೇಲೆ ಆಕೆಗೆ ಒಂದು ಕಾಸೂ ಬರಲಿಲ್ಲ.

ಹಾಗಾಗಿ ಒಪ್ಪಂದದಲ್ಲಿ "ಸಕಲ ಹಕ್ಕುಗಳು" ಅನ್ನುವುದು ಕಂಡರೆ ನಿಲ್ಲು. ಅಚ್ಚಿನ ಪುಸ್ತಕ, ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಎಲ್ಲ ಬೇರೆ ಬೇರೆ ಹಕ್ಕು. ಅವರು ನಿಜವಾಗಿ ಬಳಸುವುದನ್ನು ಮಾತ್ರ, ಇಂತಿಷ್ಟು ವರ್ಷಕ್ಕೆ ಅಂತ ಕೊಡು. ಇಂಥ ತಾರೀಖಿನೊಳಗೆ ಪ್ರಕಟಿಸದಿದ್ದರೆ, ಅಥವಾ ಪ್ರತಿ ಮುಗಿದು ಮರುಮುದ್ರಣ ಮಾಡದಿದ್ದರೆ ಹಕ್ಕು ತಾನಾಗಿಯೇ ವಾಪಸ್ ಬರುತ್ತದೆ ಅಂತ ಬರೆಸಿಕೋ. ರಾಯಲ್ಟಿ, ಅಂದರೆ ಮಾರಾಟವಾದ ಪ್ರತಿ ಪುಸ್ತಕಕ್ಕೂ ನಿನಗೆ ಬರುವ ಪಾಲು, ಎಷ್ಟು ಅನ್ನುವುದರ ಜೊತೆ ಯಾವುದರ ಮೇಲೆ ಅನ್ನುವುದನ್ನೂ ನೋಡು. ಮುಖಬೆಲೆ 100 ಅಂತ ಇಟ್ಟುಕೋ, ಅಂಗಡಿಗೆ 40 ಬಿಟ್ಟರೆ ಪ್ರಕಾಶಕರ ಕೈಗೆ 60. ಮುಖಬೆಲೆಯ ಶೇ. 10 ಅಂದರೆ ನಿನಗೆ 10, ಬಂದ ಹಣದ ಶೇ. 10 ಅಂದರೆ 6. ಮುಂಗಡ ಕೊಟ್ಟರೆ ಅದೂ ಈ ರಾಯಲ್ಟಿಯಲ್ಲೇ ಮುರಿದುಕೊಳ್ಳುವ ಹಣ, ಬಹುಮಾನ ಅಲ್ಲ. ಮುಂದಿನ ಪುಸ್ತಕವನ್ನೂ ಮೊದಲು ಅವರಿಗೇ ಕೊಡಬೇಕು ಅನ್ನುವ ಸಾಲು ಇದ್ದರೆ ಹೊಡೆದು ಹಾಕಿಸು. ಇದನ್ನೆಲ್ಲ ಕೇಳಿದರೆ ಒರಟು ಅಂದುಕೊಳ್ಳುತ್ತಾರೇನೋ ಅಂತ ಸಂಕೋಚ ಬೇಡ. ಒಳ್ಳೆಯ ಪ್ರಕಾಶಕರು ಕೇಳುವವರನ್ನು ನೋಡಿ ಅಭ್ಯಾಸವಾದವರು.

ಆ ಪ್ರಕಾಶಕರು ಕಳಿಸಿದ ಒಪ್ಪಂದದ ಕಾಗದವನ್ನು ಸ್ಕ್ಯಾನ್ ಮಾಡಿ ನನಗೆ ಕಳಿಸು, ಯಾವ ಸಾಲಿನಲ್ಲಿ ಏನು ಅಡಗಿದೆ ಅಂತ ಗುರುತು ಹಾಕಿ ಕೊಡುತ್ತೇನೆ. ಕಾದಂಬರಿಯ ನಾಲ್ಕನೇ ಅಧ್ಯಾಯ ಮಾತ್ರ ಕಳಿಸಬೇಡ. ಪೂರ್ತಿ ಮುಗಿಯಲಿ. ನಾನು ಪ್ರತಿ ಅಧ್ಯಾಯಕ್ಕೂ ಬಾಯಿ ಹಾಕುತ್ತಾ ಹೋದರೆ ಬೀಗದ ಕೈ ಏನಾಗಬೇಕು ಅಂತ ನಾನೇ ತೀರ್ಮಾನ ಮಾಡಿಬಿಡುತ್ತೇನೆ, ನನ್ನ ಚಾಳಿ ನಿನಗೆ ಗೊತ್ತಲ್ಲ.

ನಿನ್ನ,
ಅಮ್ಮ