ಆದಿತ್ಯವಾರದ ಮರಗೆಲಸ: ಸದಸ್ಯರ ಗಮನಕ್ಕೆ

ನಮ್ಮ ಮರಗೆಲಸ ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ ಆದಿತ್ಯವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ, ಉಡುಪಿಯ ಕುಂಜಿಬೆಟ್ಟಿನಲ್ಲಿ ಕಳೆದ ಬಾರಿ ಸೇರಿದ್ದ ಶೆಡ್ಡಿನಲ್ಲಿಯೇ, ಹಲಸಿನ ಹಲಗೆಯಿಂದ ಊಟದ ಮಣೆ ಮಾಡುವ ಕೆಲಸ ಮುಂದುವರಿಯಲಿದೆ. ಅರ್ಧಕ್ಕೆ ನಿಲ್ಲಿಸಿದವರು ತಮ್ಮ ಹಲಗೆಯನ್ನು ಮರೆಯದೆ ತರಬೇಕು. ಹೊಸಬರಿಗೆ ಮರಗೆಲಸದ ಆಚಾರ್ಯರು ಮೊದಲಿನಿಂದ ಹೇಳಿಕೊಡುತ್ತಾರೆ.

ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ದಿನವಿಡೀ ಪರದೆ ನೋಡುವ ನಮಗೆ, ಸಂಜೆ ಮನೆಗೆ ಹೊರಡುವಾಗ ಇಂದು ಇದನ್ನು ಮಾಡಿದೆ ಎಂದು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಮರ ನುಣುಪು ಮಾಡುವ ಕೀಸುಳಿಯಿಂದ ಹಳದಿ ಹೆರೆ ಸುರುಳಿ ಸುರುಳಿಯಾಗಿ ಬಿದ್ದು, ಒರಟು ಹಲಗೆ ಅಂಗೈಗೆ ನುಣುಪಾಗಿ ಸಿಕ್ಕಾಗ ಆಗುವ ಸಮಾಧಾನವೇ ಬೇರೆ. ನನ್ನ ಮಣೆ ಇನ್ನೂ ಒಂದು ಮೂಲೆಯಲ್ಲಿ ಅಲುಗಾಡುತ್ತದೆ, ಆದರೂ ಅದರ ಮೇಲೆ ಬೇರೆ ಯಾರನ್ನೂ ಕೂರಲು ಬಿಟ್ಟಿಲ್ಲ!

ಮರದ ಎಳೆಗೆ ಎದುರಾಗಿ ಕೀಸಿದರೆ ಹಲಗೆಯ ಮೇಲ್ಮೈ ಕಿತ್ತು ಬರುವುದರಿಂದ, ಮೊದಲು ಎಳೆಯ ದಿಕ್ಕನ್ನು ನೋಡಿಕೊಳ್ಳಬೇಕು. ಉಳಿ ಹಿಡಿದಾಗ ಇನ್ನೊಂದು ಕೈ ಅದರ ಬಾಯಿಗೆ ಎದುರು ಇರಬಾರದು. ಚಪ್ಪಲಿಯ ಬದಲು ಶೂ ಧರಿಸಿ ಬನ್ನಿ.

ಹಲಗೆ ಕೊಯ್ಸಿ ಇಡಬೇಕಾಗಿರುವುದರಿಂದ, ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ. ಹೊಸ ಹಲಗೆ ಬೇಕಾದವರು ಅದನ್ನೂ ಬರೆಯಿರಿ.