ಐಪ್ಟೇಸಿಯಾ ತಿನ್ನಲು ಮೀನು ತರುವ ಮುಂಚೆ

ಎಲ್ಲರಿಗೂ ನಮಸ್ಕಾರ. ಹವಳದ ಟ್ಯಾಂಕಿನಲ್ಲಿ ಐಪ್ಟೇಸಿಯಾ (ಕಲ್ಲಿಗೆ ಅಂಟಿಕೊಂಡು ಕಳೆಯಂತೆ ಹರಡುವ ಪುಟ್ಟ ಸಮುದ್ರಜೀವಿ, ಒಂದು ಬಗೆಯ ಸೀ ಅನಿಮೋನಿ) ಜಾಸ್ತಿಯಾಗಿದೆ, ಯಾವ ಮೀನು ಬಿಡಲಿ ಎಂದು ಹಲವರು ಕೇಳುತ್ತಿದ್ದೀರಿ. ಮೊದಲು ಅದನ್ನು ಕೆರೆದು ಕೀಳುವುದನ್ನು ನಿಲ್ಲಿಸಿ. ಕಲ್ಲಿಗೆ ಅಂಟಿ ಉಳಿದ ಚೂರಿನಿಂದಲೇ ಹೊಸದು ಹುಟ್ಟುತ್ತದೆ.

ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು ತನ್ನ ಉದ್ದ ಮೂತಿಯಿಂದ ಸಂದಿಯಲ್ಲಿರುವುದನ್ನೂ ಹೆಕ್ಕಿ ತಿನ್ನುತ್ತದೆ. ನೋಡಲು ಚಂದ, ಸಾಕಲು ಕಷ್ಟ. ಎಷ್ಟೋ ಮೀನುಗಳು ಹೊಸ ಟ್ಯಾಂಕಿಗೆ ಬಂದ ಮೇಲೆ ಆಹಾರವನ್ನೇ ಮುಟ್ಟದೆ ಸಾಯುತ್ತವೆ. ಅಂಗಡಿಯಲ್ಲೇ ಮೈಸಿಸ್ (ಮೀನಿಗೆ ಹಾಕುವ, ಸೀಗಡಿಯಂಥ ಪುಟ್ಟ ಜೀವಿ) ಹಾಕಿಸಿ, ನಿಮ್ಮ ಕಣ್ಣೆದುರು ತಿಂದರೆ ಮಾತ್ರ ಕೊಳ್ಳಿ. ಟ್ಯಾಂಕ್ 400 ಲೀಟರಿಗಿಂತ ಚಿಕ್ಕದಾಗಿದ್ದರೆ ಬೇಡವೇ ಬೇಡ. ಫೆದರ್ ಡಸ್ಟರ್ ಹುಳುಗಳು (ಕೊಳವೆಯಿಂದ ಗರಿಯಂಥ ಕುಚ್ಚು ಹೊರಚಾಚುವ ಹುಳುಗಳು) ಇದ್ದರೆ ಅವಕ್ಕೂ ಉಳಿಗಾಲವಿಲ್ಲ.

ಚಿಕ್ಕ ಟ್ಯಾಂಕಿಗೆ ಬ್ರಿಸಲ್‌ಟೇಲ್ ಫೈಲ್‌ಫಿಶ್ ವಾಸಿ. ಆದರೆ ಅದೂ ಪೂರ್ತಿ ಸಾಧುವಲ್ಲ. ಕೆಲವು ಮೀನು ಹವಳಕ್ಕೂ ಬಾಯಿ ಹಾಕುತ್ತವೆ. ಝೋವಾ (ಹವಳದ ಹತ್ತಿರದ ಸಂಬಂಧಿ, ಪುಟ್ಟ ಹೂವಿನಂತೆ ಕಾಣುವ ಜೀವಿ) ಸಾಕಿರುವವರು ಸ್ವಲ್ಪ ಹುಷಾರು.

ಯಾವ ಮೀನೇ ತನ್ನಿ, ಕೆಲವು ವಾರ ಬೇರೆ ಟ್ಯಾಂಕಿನಲ್ಲಿಟ್ಟು ನೋಡಿ. ತಾಮ್ರದ ಔಷಧ ಕೊಡುವುದಿದ್ದರೂ ಅಲ್ಲೇ. ಹವಳಕ್ಕೂ ಸೀಗಡಿಗೂ ಅದು ವಿಷ.

ಒಂದೆರಡೇ ಐಪ್ಟೇಸಿಯಾ ಇದ್ದರೆ ಸುಮ್ನೆ ಮೀನು ಯಾಕೆ, ಅಲ್ವಾ? ಕಾಲ್ಕ್‌ವಾಸರ್ ಪುಡಿಯನ್ನು (ಟ್ಯಾಂಕಿಗೆ ಬಳಸುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್) ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಪಂಪ್ ನಿಲ್ಲಿಸಿ, ಸಿರಿಂಜಿನಿಂದ ಅದರ ಬಾಯಿಗೇ ಹಾಕಿ. ಕೈಗೆ ಗ್ಲೌಸ್ ಇರಲಿ.