ಕಾರ್ಖಾನೆಯ ಕಿಣ್ವ ಹೊತ್ತ ಗೋವಿನಜೋಳಕ್ಕೆ ಪ್ರತ್ಯೇಕ ನಿಯಮ ಬೇಕು: ಕೇಂದ್ರ ಪರಿಸರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹಾವೇರಿ ಜಿಲ್ಲೆಯ ಗೋವಿನಜೋಳ ಬೆಳೆಗಾರನೊಬ್ಬನ ನಮಸ್ಕಾರಗಳು. ಕಾರ್ಖಾನೆಗೆ ಬೇಕಾದ ಕಿಣ್ವವನ್ನು (ಎನ್‌ಜೈಮ್) ಕಾಳಿನೊಳಗೇ ತಯಾರಿಸುವ ಕುಲಾಂತರಿ, ಅಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ, ಬೆಳೆಗಳಿಗೆ ಪ್ರತ್ಯೇಕ ಸುರಕ್ಷತಾ ಪರೀಕ್ಷೆ ಮತ್ತು ಪ್ರತ್ಯೇಕ ನಿಯಮ ಬರುವವರೆಗೆ ಅವುಗಳ ಬೀಜಕ್ಕಾಗಲಿ ಕಾಳಿಗಾಗಲಿ ದೇಶದೊಳಗೆ ಅನುಮತಿ ಕೊಡಬಾರದು ಎಂಬುದು ನನ್ನ ಬೇಡಿಕೆ. ಕುಲಾಂತರಿ ಜೀವಿಗಳ ಕುರಿತ 1989ರ ನಿಯಮಗಳೂ, ಇಂಥ ಬೆಳೆಗಳನ್ನು ಪರಿಶೀಲಿಸುವ ತಮ್ಮ ಸಚಿವಾಲಯದ ಸಮಿತಿಯಾದ ಜಿಇಎಸಿಯ ಅಧಿಕಾರವೂ ತಮಗೆ ತಿಳಿದೇ ಇವೆ.

ಅಮೆರಿಕದ ಕೃಷಿ ಇಲಾಖೆ 2011ರ ಫೆಬ್ರುವರಿಯಲ್ಲಿ ಸಿಂಜೆಂಟಾ ಕಂಪನಿಯ ‘ಎನೊಜೆನ್’ ಗೋವಿನಜೋಳವನ್ನು ನಿಯಂತ್ರಣದಿಂದ ಮುಕ್ತಗೊಳಿಸಿತು. ಅತಿ ಬಿಸಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳಿಂದ ಪಡೆದು ರೂಪಿಸಿದ ವಂಶವಾಹಿಯಿಂದಾಗಿ ಅದರ ಕಾಳಿನಲ್ಲೇ ಆಲ್ಫಾ ಅಮೈಲೇಸ್ ಕಿಣ್ವವಿರುತ್ತದೆ. ಎಥೆನಾಲ್ ಘಟಕದಲ್ಲಿ ಹಿಟ್ಟು ಕಾಯುವಾಗ ಆ ಕಿಣ್ವವೇ ಪಿಷ್ಟವನ್ನು ಒಡೆಯುತ್ತದೆ. ಘಟಕಕ್ಕೆ ಲಾಭ ತರುವ ಈ ಗುಣವೇ ಹಿಟ್ಟಿನ ಗಿರಣಿಗೆ ಹಾನಿ. ಹತ್ತು ಸಾವಿರ ಕಾಳಿನಲ್ಲಿ ಒಂದು ಬೆರೆತರೂ ಹಿಟ್ಟಿನ ಗುಣ ಕೆಡಬಹುದೆಂದು ಅಲ್ಲಿನ ಗಿರಣಿದಾರರ ಸಂಘ ಎಚ್ಚರಿಸಿತ್ತು. ಆದರೆ ಆ ಇಲಾಖೆ ಕಾನೂನಿನ ಪ್ರಕಾರ ತೂಗಿ ನೋಡಿದ್ದು ಈ ಬೆಳೆ ಇತರ ಸಸ್ಯಗಳಿಗೆ ಪೀಡೆಯಾಗುತ್ತದೆಯೇ ಎಂಬುದನ್ನು. ಗಿರಣಿಯ ನಷ್ಟ ಆ ತಕ್ಕಡಿಯಲ್ಲಿ ಕೂರಲೇ ಇಲ್ಲ.

ಈ ಕಾಳು ವಿಷವೆಂದು ನಾನು ಹೇಳುತ್ತಿಲ್ಲ. ವಿಷ, ಅಲರ್ಜಿ, ಜೀರ್ಣವಾಗುವ ಬಗೆ, ಇವೆಲ್ಲದರ ಪರೀಕ್ಷೆ ನಡೆಯಲೇಬೇಕು. ಆದರೆ ನಮ್ಮ ಮನೆಗಳಲ್ಲಿ ಗಂಜಿ ಗಟ್ಟಿಯಾಗುವುದು, ರೊಟ್ಟಿಯ ಹಿಟ್ಟು ಕುದಿನೀರಿಗೆ ಅಂಟಿಕೊಳ್ಳುವುದು ಪಿಷ್ಟದಿಂದ. ಬಿಸಿಯಲ್ಲೂ ಪಿಷ್ಟ ಒಡೆಯುವ ಕಿಣ್ವ ಆ ಪಾತ್ರೆಯಲ್ಲಿ ಏನು ಮಾಡುತ್ತದೆಂಬುದನ್ನು ಪರೀಕ್ಷಿಸುವ ಹೊಣೆ ಯಾರದೆಂದು ನಿಯಮದಲ್ಲಿಯೇ ಬರೆದಿರಬೇಕು.

ಇಂಥ ಕಾಳನ್ನು ಉಳಿದ ಕಾಳಿನಿಂದ ಬೇರೆಯಾಗಿ ಸಾಗಿಸುತ್ತೇವೆ ಎಂದು ಯಾರೇ ಹೇಳಿದರೂ ಆ ಮಾತನ್ನು ನಂಬಲು ನನ್ನಿಂದಾಗದು. ಜನರ ಆಹಾರಕ್ಕಲ್ಲದೆ ದನಕರುಗಳ ಮೇವಿನಂಥ ಬಳಕೆಗಷ್ಟೇ ಒಪ್ಪಿಗೆ ಪಡೆದಿದ್ದ ಸ್ಟಾರ್‌ಲಿಂಕ್ ಎಂಬ ಕುಲಾಂತರಿ ಗೋವಿನಜೋಳ 2000ದಲ್ಲಿ ಅಮೆರಿಕದಲ್ಲಿ ಜನರು ತಿನ್ನುವ ಟ್ಯಾಕೋ ಚಿಪ್ಪುಗಳಲ್ಲಿ (ಗೋವಿನಜೋಳದ ಗರಿಗರಿ ರೊಟ್ಟಿಯಂಥ ತಿನಿಸು) ಸಿಕ್ಕಿತು, ಮಾರಾಟವಾದ ಸರಕನ್ನು ವಾಪಸ್ ಪಡೆಯಬೇಕಾಯಿತು. ನಮ್ಮ ಎಪಿಎಂಸಿಯಲ್ಲಿ ಒಮ್ಮೆ ನಿಂತು ನೋಡಿ: ದಲ್ಲಾಳಿ ಅಂಗಡಿಯ ಮುಂದೆ ಹಲವರ ರಾಶಿಗಳು ಒಂದರ ಅಂಚಿಗೆ ಒಂದು ಚೆಲ್ಲಿಕೊಂಡಿರುತ್ತವೆ, ಹಮಾಲರು ತೂಕವಾದ ಮೇಲೆ ನೆಲಕ್ಕೆ ಬಿದ್ದ ಕಾಳನ್ನು ಗುಡಿಸಿ ಯಾವುದೋ ಚೀಲಕ್ಕೆ ತುಂಬುತ್ತಾರೆ. ಅದೇ ಲಾರಿ ಕೋಳಿ ಆಹಾರಕ್ಕೂ ಹೋಗುತ್ತದೆ, ಎಥೆನಾಲ್ ಘಟಕಕ್ಕೂ ಹೋಗುತ್ತದೆ, ಹಿಟ್ಟಿನ ಗಿರಣಿಗೂ ಹೋಗುತ್ತದೆ. ಹೊಲದಲ್ಲೂ ಅಷ್ಟೇ, ಗೋವಿನಜೋಳದ ಪರಾಗ ಗಾಳಿಯಲ್ಲಿ ಹಾರುವಾಗ ಬದು ನೋಡುವುದಿಲ್ಲ.

ನನ್ನ ಅನುಭವವನ್ನೂ ಕೇಳಿ. ಪಕ್ಕದ ಹೊಲದಲ್ಲಿ ಚೀಟಿಯಿಲ್ಲದ ಪಾಕೀಟಿನ ಹತ್ತಿ ಬೀಜ ಹಾಕಿದ್ದರು. ಕಳೆನಾಶಕ ಹೊಡೆದರೂ ಸಾಯದ, ಸರ್ಕಾರದ ಒಪ್ಪಿಗೆಯೇ ಇಲ್ಲದ ಕುಲಾಂತರಿ ಹತ್ತಿ ಅದು. ಅವರು ಹೊಡೆದ ಔಷಧ ಗಾಳಿಗೆ ಬಂದು ನನ್ನ ಮೆಣಸಿನ ಗಿಡಗಳ ಕುಡಿಯೆಲ್ಲ ಹಳದಿಯಾಗಿ ಮುರುಟಿತು, ಹೂವು ಉದುರಿತು, ಆ ವರ್ಷದ ಸಾಲ ಹಾಗೆಯೇ ಉಳಿಯಿತು. ದೂರು ಹಿಡಿದು ಕಚೇರಿಗೆ ಹೋದರೆ, “ಆ ಬೀಜ ನಮ್ಮ ಪಟ್ಟಿಯಲ್ಲೇ ಇಲ್ಲ, ಇಲ್ಲದ ಬೀಜದ ಮೇಲೆ ದೂರು ಹೇಗೆ ತಗೊಳ್ಳಲಿ?” ಎಂದು ಅರ್ಜಿಯನ್ನು ನನ್ನ ಕೈಗೇ ಕೊಟ್ಟರು. ಆಮೇಲೆ ಬರೆದ ಯಾವ ಪತ್ರಕ್ಕೂ ಇಂದಿನವರೆಗೆ ಉತ್ತರವಿಲ್ಲ. ಒಪ್ಪಿಗೆಯಿಲ್ಲದ ಬೀಜವನ್ನೇ ತಡೆಯಲಾಗದ ವ್ಯವಸ್ಥೆ ಒಪ್ಪಿಗೆ ಪಡೆದ ಕಾಳನ್ನು ಗಿರಣಿಯಿಂದ ದೂರವಿಡುತ್ತದೆ ಎಂದರೆ ನಾವು ಹೇಗೆ ನಂಬಬೇಕು, ಸಚಿವರೇ? ನಮ್ಮ ಬೆಳೆ ಹಾಳಾದರೂ ತಾವು ಕಣ್ಣೆತ್ತಿ ನೋಡುವುದಿಲ್ಲವೇ?

2010ರಲ್ಲಿ ಬಿಟಿ ಬದನೆ ಎಂಬ, ಕೀಟ ತಡೆಯುವ ಕುಲಾಂತರಿ ಬದನೆಯ ಬಗ್ಗೆ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಹಲವು ಊರುಗಳಲ್ಲಿ ಜನರ ಮಾತು ಕೇಳಿ, ಬಳಿಕ ಅದನ್ನು ತಡೆಹಿಡಿದರು. ಕುಲಾಂತರಿ ಬೆಳೆಗಳಿಗೆ ರಾಷ್ಟ್ರೀಯ ನೀತಿ ರೂಪಿಸಿ, ರೈತರನ್ನೂ ಕೇಳಿ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ನೀತಿಯಲ್ಲಿ ಕಿಣ್ವದ ಬೆಳೆಗಳಿಗೆ ಪ್ರತ್ಯೇಕ ಅಧ್ಯಾಯವಿರಲಿ. ಪರೀಕ್ಷೆಯ ಪೂರ್ಣ ದಾಖಲೆಗಳನ್ನು ತೀರ್ಮಾನಕ್ಕೆ ಮೊದಲೇ, ಕನ್ನಡದಲ್ಲೂ, ಪ್ರಕಟಿಸಿ. ಬೆರಕೆಯಾದರೆ ನಷ್ಟ ತುಂಬಬೇಕಾದವರು ಬೀಜದ ಒಡೆತನ ಹೊಂದಿದ ಕಂಪನಿಯವರೇ ಹೊರತು ರೈತರಲ್ಲ ಎಂದು ನಿಯಮದಲ್ಲಿ ಬರೆಯಿರಿ. ಅಲ್ಲಿಯವರೆಗೆ ಬೀಜಕ್ಕೂ ಬೇಡ, ಆಮದು ಕಾಳಿಗೂ ಬೇಡ, ಪ್ರಯೋಗದ ಹೆಸರಿನಲ್ಲೂ ನಮ್ಮ ಹೊಲಗಳ ಪಕ್ಕ ಅನುಮತಿ ಬೇಡ. ಈ ಪತ್ರಕ್ಕಾದರೂ ತಮ್ಮ ಸಚಿವಾಲಯದಿಂದ ಲಿಖಿತ ಉತ್ತರ ಬರಲಿ.

ತಮ್ಮ ವಿಶ್ವಾಸಿ,
ಗೋವಿನಜೋಳ ಬೆಳೆಗಾರ, ರಾಣೆಬೆನ್ನೂರು ತಾಲ್ಲೂಕು